ಅನ್ನಾ ಮಣಿ

ಅನ್ನಾ ಮಣಿ (23 ಆಗಸ್ಟ್ 1918 – 16 ಆಗಸ್ಟ್ 2001) ಭಾರತದ ಭೌತವಿಜ್ಞಾನಿ ಹಾಗೂ ಹವಾಮಾನ ವಿಜ್ಞಾನಿ. ಗಾಳಿ, ಬಿಸಿಲು, ಮಳೆ, ವಾಯುಭಾರ, ಓಝೋನ್ ಮುಂತಾದವುಗಳನ್ನು ಅಳೆಯುವ ಉಪಕರಣಗಳು ಭಾರತದಲ್ಲಿಯೇ ತಯಾರಾಗುವಂತೆ ಮಾಡಿದವರಲ್ಲಿ ಇವರು ಪ್ರಮುಖರು. ಭಾರತೀಯ ಹವಾಮಾನ ಇಲಾಖೆಯಲ್ಲಿ ಉಪ ಮಹಾನಿರ್ದೇಶಕರ ಹುದ್ದೆಯವರೆಗೆ ಏರಿ 1976ರಲ್ಲಿ ನಿವೃತ್ತರಾದರು. ಜನ್ಮಸ್ಥಳ ಕೇರಳವಾದರೂ ಅವರ ಸಂಶೋಧನಾ ಜೀವನ ಆರಂಭವಾದದ್ದು ಬೆಂಗಳೂರಿನಲ್ಲಿ. ನಿವೃತ್ತಿಯ ನಂತರ ದೇಶದ ಪವನಶಕ್ತಿಯ ಅಧ್ಯಯನವನ್ನು ಕೈಗೊಂಡದ್ದೂ ಇದೇ ನಗರದಲ್ಲಿ ನೆಲೆಸಿ.

ಜನನ ಮತ್ತು ಬಾಲ್ಯ

ಅನ್ನಾ ಮಣಿ ಅಂದಿನ ತಿರುವಾಂಕೂರು ಸಂಸ್ಥಾನದ ಪೀರುಮೇಡಿನಲ್ಲಿ ಸಿರಿಯನ್ ಕ್ರೈಸ್ತ ಕುಟುಂಬವೊಂದರಲ್ಲಿ ಜನಿಸಿದರು. ಎಂಟು ಮಂದಿ ಮಕ್ಕಳಲ್ಲಿ ಇವರು ಏಳನೆಯವರು. ತಂದೆ ಸಿವಿಲ್ ಎಂಜಿನಿಯರ್. ಅವರಿಗೆ ಏಲಕ್ಕಿ ತೋಟಗಳಿದ್ದವು. ಗಂಡುಮಕ್ಕಳನ್ನು ಉದ್ಯೋಗಕ್ಕೂ ಹೆಣ್ಣುಮಕ್ಕಳನ್ನು ಮದುವೆಗೂ ಸಿದ್ಧಗೊಳಿಸುವುದು ಆ ಕಾಲದ ಅನುಕೂಲಸ್ಥ ಮನೆಗಳ ವಾಡಿಕೆಯಾಗಿತ್ತು. ಅನ್ನಾ ಅವರ ಒಲವು ಮಾತ್ರ ಓದಿನ ಕಡೆಗಿತ್ತು. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯವರು ಕೊಡಲಿದ್ದ ವಜ್ರದ ಓಲೆಗಳನ್ನು ಬೇಡವೆಂದು, ಅದಕ್ಕೆ ಬದಲಾಗಿ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ಸಂಪುಟಗಳನ್ನು ಕೇಳಿ ಪಡೆದರು.

1925ರಲ್ಲಿ ವೈಕಂ ಸತ್ಯಾಗ್ರಹದ ಸಂದರ್ಭದಲ್ಲಿ ಗಾಂಧೀಜಿಯವರು ಅಲ್ಲಿಗೆ ಭೇಟಿ ನೀಡಿದ್ದು ಆ ಬಾಲಕಿಯ ಮನಸ್ಸಿನ ಮೇಲೆ ಆಳವಾದ ಪರಿಣಾಮ ಬೀರಿತು. ಅನಂತರ ಅವರು ಖಾದಿ ಬಟ್ಟೆಯನ್ನೇ ತೊಡಲಾರಂಭಿಸಿದರು.

ಬೆಂಗಳೂರಿನಲ್ಲಿ ಸಂಶೋಧನೆ

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1939ರಲ್ಲಿ ಭೌತವಿಜ್ಞಾನ ಮತ್ತು ರಸಾಯನವಿಜ್ಞಾನದ ಬಿ.ಎಸ್‌ಸಿ. ಆನರ್ಸ್ ಪದವಿ ಪಡೆದ ಅವರಿಗೆ, 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ನಡೆಸಲು ವಿದ್ಯಾರ್ಥಿವೇತನ ದೊರೆಯಿತು. ಅಲ್ಲಿ ಸರ್ ಸಿ. ವಿ. ರಾಮನ್ ಅವರ ಪ್ರಯೋಗಾಲಯವನ್ನು ಸೇರಿ ವಜ್ರ ಮತ್ತು ಮಾಣಿಕ್ಯಗಳ ರೋಹಿತಗಳನ್ನು ಅಭ್ಯಸಿಸಿದರು. ಬಾಲ್ಯದಲ್ಲಿ ಒಡವೆಯಾಗಿ ಬೇಡವೆಂದ ವಜ್ರ ಈಗ ಅವರ ಅಧ್ಯಯನದ ವಸ್ತುವಾಯಿತು. ವಜ್ರಗಳು ಹೊಮ್ಮಿಸುವ ಕ್ಷೀಣ ಬೆಳಕು ಛಾಯಾಚಿತ್ರ ಫಲಕದ ಮೇಲೆ ಮೂಡಬೇಕಾದರೆ 15ರಿಂದ 20 ಗಂಟೆಗಳ ಕಾಲ ಕಾಯಬೇಕಾಗುತ್ತಿತ್ತು. ಇದಕ್ಕಾಗಿ ಎಷ್ಟೋ ರಾತ್ರಿಗಳನ್ನು ಅವರು ಪ್ರಯೋಗಾಲಯದಲ್ಲಿಯೇ ಕಳೆದರು.

1942ರಿಂದ 1945ರ ಅವಧಿಯಲ್ಲಿ ಅವರೊಬ್ಬರೇ ಬರೆದ ಐದು ಸಂಶೋಧನಾ ಲೇಖನಗಳು ಪ್ರಕಟವಾದವು. 1945ರಲ್ಲಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಪಿಎಚ್.ಡಿ. ಮಹಾಪ್ರಬಂಧವನ್ನು ಸಲ್ಲಿಸಿದರು. ಆದರೆ ಎಂ.ಎಸ್‌ಸಿ. ಪದವಿ ಇಲ್ಲವೆಂಬ ಕಾರಣದಿಂದ ಅವರಿಗೆ ಪಿಎಚ್.ಡಿ. ದೊರೆಯಲಿಲ್ಲ. ಆ ಪ್ರಬಂಧ ಇಂದಿಗೂ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಇತರ ಪ್ರಬಂಧಗಳ ಜೊತೆಯಲ್ಲಿಯೇ ಇದೆ. ಪದವಿ ಕೈತಪ್ಪಿದ್ದು ತಮ್ಮ ಕೆಲಸಕ್ಕೆ ಅಡ್ಡಿಯಾಯಿತೆಂದು ಅವರು ಎಂದೂ ಭಾವಿಸಲಿಲ್ಲ.

ಹವಾಮಾನ ಉಪಕರಣಗಳತ್ತ

1945ರಲ್ಲಿ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅವರು ಇಂಗ್ಲೆಂಡಿಗೆ ತೆರಳಿದರು. ಭೌತವಿಜ್ಞಾನದಲ್ಲಿಯೇ ಮುಂದುವರಿಯುವ ಆಸೆಯಿದ್ದರೂ, ಆಗ ಲಭ್ಯವಿದ್ದದ್ದು ಹವಾಮಾನ ಉಪಕರಣಗಳ ಅಧ್ಯಯನಕ್ಕೆ ಮೀಸಲಾದ ವಿದ್ಯಾರ್ಥಿವೇತನ ಮಾತ್ರ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಆ ವಿಷಯದಲ್ಲಿ ತರಬೇತಿ ಪಡೆದು 1948ರಲ್ಲಿ ಸ್ವತಂತ್ರ ಭಾರತಕ್ಕೆ ಮರಳಿದರು. ಪುಣೆಯಲ್ಲಿದ್ದ ಹವಾಮಾನ ಇಲಾಖೆಯ ಉಪಕರಣ ವಿಭಾಗದಲ್ಲಿ ಎಸ್. ಪಿ. ವೆಂಕಟೇಶ್ವರನ್ ಅವರ ಕೈಕೆಳಗೆ ಕೆಲಸ ಆರಂಭಿಸಿದರು.

ಅಂದು ಸಾಮಾನ್ಯ ಹವಾಮಾನ ಉಪಕರಣಗಳನ್ನೂ ಹೊರದೇಶಗಳಿಂದ ತರಿಸಬೇಕಾದ ಸ್ಥಿತಿಯಿತ್ತು. ಅನ್ನಾ ಮಣಿ ಮತ್ತು ಅವರ ಸಹೋದ್ಯೋಗಿಗಳು ಸುಮಾರು 100 ಬಗೆಯ ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿ, ಅವುಗಳ ತಯಾರಿಕೆಯನ್ನು ದೇಶದೊಳಗೆ ಆರಂಭಿಸಿದರು. ಮುಂದೆ ಆ ವಿಭಾಗದ ಮುಖ್ಯಸ್ಥೆಯಾದಾಗ ನೂರಕ್ಕೂ ಹೆಚ್ಚು ಪುರುಷ ನೌಕರರು ಅವರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತಿದ್ದರು.

ಅಳತೆ ತಪ್ಪಾದರೆ ಅದು ಅಳೆಯದೇ ಇರುವುದಕ್ಕಿಂತ ಕೆಟ್ಟದ್ದು ಎಂಬುದು ಅವರ ದೃಢವಾದ ನಂಬಿಕೆಯಾಗಿತ್ತು. ಉಷ್ಣವಲಯದ ಹವಾಮಾನವನ್ನು ಬಲ್ಲವರಿಗೆ ಈ ಮಾತಿನ ಮಹತ್ವ ಬೇಗ ತಿಳಿಯುತ್ತದೆ. ಸಮಶೀತೋಷ್ಣ ವಲಯದಲ್ಲಿ ಊರಿನಿಂದ ಊರಿಗೆ ವಾಯುಭಾರದ ವ್ಯತ್ಯಾಸ ಹೆಚ್ಚಾಗಿರುವುದರಿಂದ ವಾಯುಭಾರದ ನಕ್ಷೆಯಿಂದಲೇ ಗಾಳಿಯ ದಿಕ್ಕು ಮತ್ತು ವೇಗವನ್ನು ಬಹುಮಟ್ಟಿಗೆ ಊಹಿಸಬಹುದು. ಸಮಭಾಜಕ ವೃತ್ತದ ಸಮೀಪದ ಸಮುದ್ರಗಳಲ್ಲಿ ಹಾಗಲ್ಲ. ಅಲ್ಲಿ ವಾಯುಭಾರದ ವ್ಯತ್ಯಾಸಗಳು ಅತ್ಯಲ್ಪ. ಭೂಮಿಯ ಭ್ರಮಣದಿಂದ ಗಾಳಿಯ ಮೇಲಾಗುವ ಪರಿಣಾಮವೂ ಕ್ಷೀಣ. ಆದುದರಿಂದ ಗಾಳಿಯನ್ನು ನೇರವಾಗಿಯೇ ಅಳೆಯಬೇಕು. ಎರಡು ಕೇಂದ್ರಗಳ ವಾಯುಭಾರಮಾಪಕಗಳು ಒಂದೇ ಒಂದು ಮಿಲಿಬಾರಿನಷ್ಟು ಪರಸ್ಪರ ತಪ್ಪಿದರೂ, ಇಲ್ಲದ ಗಾಳಿಯೊಂದು ನಕ್ಷೆಯ ಮೇಲೆ ಮೂಡಬಹುದು. ಕಡಲಿಗಿಳಿಯುವ ಮೀನುಗಾರರಿಗೆ ಕೊಡುವ ಮುನ್ಸೂಚನೆಯೇ ದಾರಿ ತಪ್ಪಬಹುದು. ಮಂಗಳೂರು, ಮಿನಿಕಾಯ್, ಪೋರ್ಟ್ ಬ್ಲೇರ್‌ಗಳಂತಹ ಕೇಂದ್ರಗಳಿಂದ ಬಲೂನುಗಳನ್ನು ಹಾರಿಬಿಟ್ಟು ಮೇಲಿನ ಗಾಳಿಯನ್ನು ಅಳೆಯುವುದರ ಉದ್ದೇಶವೂ ಇದೇ.

1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಅಂಗವಾಗಿ ಸೌರ ವಿಕಿರಣವನ್ನು ಅಳೆಯುವ ಕೇಂದ್ರಗಳ ಜಾಲವನ್ನು ಅವರು ದೇಶದಲ್ಲಿ ಸ್ಥಾಪಿಸಿದರು. 1960ರ ದಶಕದಲ್ಲಿ ಬಲೂನಿನ ಮೂಲಕ ಮೇಲೇರಿ ಓಝೋನ್ ಪ್ರಮಾಣವನ್ನು ಅಳೆಯುವ ಓಝೋನ್‌ಸಾಂಡ್ ಉಪಕರಣವನ್ನು ಅವರ ತಂಡ ಸಿದ್ಧಪಡಿಸಿತು.

ಥುಂಬಾದಲ್ಲಿ

ತಿರುವನಂತಪುರದ ಬಳಿಯ ಕಡಲತೀರದ ಹಳ್ಳಿ ಥುಂಬಾದಲ್ಲಿ ರಾಕೆಟ್ ಉಡಾವಣಾ ಕೇಂದ್ರ ರೂಪುಗೊಳ್ಳುತ್ತಿದ್ದಾಗ, ವಿಕ್ರಂ ಸಾರಾಭಾಯಿ ಅವರ ಕೋರಿಕೆಯ ಮೇರೆಗೆ ಅನ್ನಾ ಮಣಿ 1963ರಲ್ಲಿ ಅಲ್ಲಿ ಹವಾಮಾನ ವೀಕ್ಷಣಾಲಯವನ್ನೂ ಉಪಕರಣ ಗೋಪುರವನ್ನೂ ಸ್ಥಾಪಿಸಿದರು. ಅಂದಿನ ಸಂಶೋಧನಾ ರಾಕೆಟ್‌ಗಳಿಗೆ ಹಾರುವಾಗ ದಾರಿ ತಿದ್ದಿಕೊಳ್ಳುವ ವ್ಯವಸ್ಥೆ ಇರಲಿಲ್ಲ. ನೆಲದ ಸಮೀಪದ ಗಾಳಿಯ ಬಲವನ್ನು ಮೊದಲೇ ಅಳೆದು, ಅದಕ್ಕೆ ತಕ್ಕಂತೆ ಉಡಾವಣಾ ಕೋನವನ್ನು ಹೊಂದಿಸಬೇಕಾಗಿತ್ತು. ಆದ್ದರಿಂದ ಕಡಲತೀರದ ಗಾಳಿಯ ಅಳತೆ ಅಲ್ಲಿ ಸುರಕ್ಷತೆಯ ಪ್ರಶ್ನೆಯೂ ಆಗಿತ್ತು. ಅದೇ ವರ್ಷ ನವೆಂಬರ್ 21ರಂದು ಅಲ್ಲಿಂದ ಮೇಲೇರಿದ ಮೊದಲ ರಾಕೆಟ್ ಸೋಡಿಯಂ ಆವಿಯನ್ನು ಹೊತ್ತೊಯ್ದಿತು. ಆಕಾಶದಲ್ಲಿ ಆ ಆವಿಯ ಮೋಡ ಚಲಿಸುವ ಬಗೆಯಿಂದ ಅತಿ ಎತ್ತರದ ಗಾಳಿಯನ್ನು ತಿಳಿಯುವುದು ಆ ಪ್ರಯೋಗದ ಗುರಿಯಾಗಿತ್ತು.

1969ರಲ್ಲಿ ಅವರು ಉಪ ಮಹಾನಿರ್ದೇಶಕರಾಗಿ ದೆಹಲಿಗೆ ವರ್ಗವಾದರು. 1975ರಲ್ಲಿ ವಿಶ್ವ ಹವಾಮಾನ ಸಂಸ್ಥೆಯ ಸಲಹೆಗಾರರಾಗಿ ಈಜಿಪ್ಟಿನಲ್ಲಿ ಸೇವೆ ಸಲ್ಲಿಸಿದರು.

ಮರಳಿ ಬೆಂಗಳೂರಿಗೆ: ಪವನಶಕ್ತಿಯ ಸಮೀಕ್ಷೆ

ನಿವೃತ್ತಿಯ ನಂತರ ಅನ್ನಾ ಮಣಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಮೂರು ವರ್ಷ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಭಾರತದ ಸೌರ ವಿಕಿರಣವನ್ನು ಕುರಿತ ಅವರ ಎರಡು ಗ್ರಂಥಗಳು 1980 ಮತ್ತು 1981ರಲ್ಲಿ ಹೊರಬಂದವು. ಸೌರಶಕ್ತಿ ಯೋಜನೆಗಳನ್ನು ರೂಪಿಸುವವರಿಗೆ ಇವು ಆಧಾರ ಗ್ರಂಥಗಳಾದವು. 1983ರಲ್ಲಿ ಭಾರತದ ಪವನಶಕ್ತಿಯ ಅಂಕಿಅಂಶಗಳ ಗ್ರಂಥ ಪ್ರಕಟವಾಯಿತು. ಮುಂದೆ ದೇಶದ ನಾನಾ ಭಾಗಗಳಲ್ಲಿ ಗಾಳಿಯನ್ನು ಅಳೆಯುವ ಸಮೀಕ್ಷೆಯ ಹೊಣೆಯನ್ನು ಅವರು ಬೆಂಗಳೂರಿನಿಂದಲೇ ನಿರ್ವಹಿಸಿದರು. ಗಾಳಿಯ ವೇಗ ಮತ್ತು ಸೌರಶಕ್ತಿಯನ್ನು ಅಳೆಯುವ ಉಪಕರಣಗಳ ತಯಾರಿಕೆಗಾಗಿ ನಗರದಲ್ಲಿ ಸಣ್ಣ ಕಾರ್ಖಾನೆಯೊಂದನ್ನೂ ಆರಂಭಿಸಿದರು.

ಇಲ್ಲಿಯೂ ಅಳತೆಯ ನಿಖರತೆಯೇ ಮುಖ್ಯ. ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟಾಗುತ್ತದೆ. ವೇಗವನ್ನು ಶೇಕಡ 10ರಷ್ಟು ಹೆಚ್ಚಾಗಿ ಅಳೆದರೆ, ಶಕ್ತಿಯ ಅಂದಾಜು ಶೇಕಡ 33ರಷ್ಟು ಏರಿಬಿಡುತ್ತದೆ. ಅಂತಹ ಅಂದಾಜನ್ನು ನಂಬಿ ನಿಲ್ಲಿಸಿದ ಗಾಳಿಯಂತ್ರ ನಿರೀಕ್ಷಿಸಿದಷ್ಟು ವಿದ್ಯುತ್ತನ್ನು ಕೊಡಲಾರದು.

ದಕ್ಷಿಣ ಭಾರತದ ಪವನಶಕ್ತಿಯ ಬಹುಪಾಲು ಸಮುದ್ರದ ಕೊಡುಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತಗಳು ಅರಬ್ಬಿ ಸಮುದ್ರವನ್ನು ದಾಟಿ ಬಂದು, ಪಶ್ಚಿಮಘಟ್ಟಗಳ ಕಣಿವೆಗಳಲ್ಲಿ ಇಕ್ಕಟ್ಟಿಗೆ ಸಿಕ್ಕಿ ವೇಗ ಪಡೆಯುತ್ತವೆ. ಘಟ್ಟದ ಆಚೆಗಿನ ಬಯಲುಸೀಮೆಯ ಗುಡ್ಡಗಳ ನೆತ್ತಿಯ ಮೇಲೂ ರಭಸವಾಗಿ ಬೀಸುತ್ತವೆ. ಚಿತ್ರದುರ್ಗ, ಗದಗ ಜಿಲ್ಲೆಗಳ ಗುಡ್ಡಸಾಲುಗಳಲ್ಲಿ ಇಂದು ಕಾಣುವ ಗಾಳಿಯಂತ್ರಗಳು ಈ ಗಾಳಿಯನ್ನೇ ನೆಚ್ಚಿಕೊಂಡಿವೆ. ಇಂತಹ ಸ್ಥಳಗಳನ್ನು ಊಹೆಯಿಂದಲ್ಲದೆ ಅಳತೆಯಿಂದ ಗುರುತಿಸುವ ಪದ್ಧತಿಗೆ ಭಾರತದಲ್ಲಿ ಭದ್ರ ತಳಹದಿ ಹಾಕಿದವರಲ್ಲಿ ಅನ್ನಾ ಮಣಿ ಅಗ್ರಗಣ್ಯರು.

ವ್ಯಕ್ತಿತ್ವ

ಅನ್ನಾ ಮಣಿ ಅವಿವಾಹಿತರಾಗಿಯೇ ಉಳಿದರು. ಚಾರಣ, ಪಕ್ಷಿವೀಕ್ಷಣೆ, ನಿಸರ್ಗದ ಒಡನಾಟ ಅವರಿಗೆ ಪ್ರಿಯವಾಗಿದ್ದವು. ಮಹಿಳಾ ವಿಜ್ಞಾನಿಯೆಂದು ತಮ್ಮನ್ನು ಪ್ರತ್ಯೇಕವಾಗಿ ಕಾಣುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಆದರೂ ಸ್ತ್ರೀಯರ ಸಂಖ್ಯೆ ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಅವರು ತುಳಿದ ಹಾದಿ ಅನಂತರ ಬಂದವರಿಗೆ ಮಾದರಿಯಾಯಿತು.

ಗೌರವಗಳು ಮತ್ತು ನಿಧನ

1987ರಲ್ಲಿ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಕೆ. ಆರ್. ರಾಮನಾಥನ್ ಪದಕ ಅವರಿಗೆ ಸಂದಿತು. ಅಂತರರಾಷ್ಟ್ರೀಯ ಓಝೋನ್ ಆಯೋಗದ ಸದಸ್ಯರೂ ಆಗಿದ್ದರು. 1994ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಅವರು, 2001ರ ಆಗಸ್ಟ್ 16ರಂದು, 83ನೆಯ ಹುಟ್ಟುಹಬ್ಬಕ್ಕೆ ಒಂದು ವಾರವಿರುವಾಗ ತಿರುವನಂತಪುರದಲ್ಲಿ ನಿಧನರಾದರು. 2018ರಲ್ಲಿ ಅವರ ಜನ್ಮಶತಾಬ್ದಿಯನ್ನು ವಿಶ್ವ ಹವಾಮಾನ ಸಂಸ್ಥೆ ಸ್ಮರಿಸಿತು. 2022ರ ಆಗಸ್ಟ್ 23ರಂದು, ಅವರ 104ನೆಯ ಜನ್ಮದಿನದಂದು, ಗೂಗಲ್ ಸಂಸ್ಥೆ ವಿಶೇಷ ಡೂಡಲ್ ಪ್ರಕಟಿಸಿತು.