ಕುಶನ್ ಹೊತ್ತ ಮೇಷ್ಟ್ರು

ಬೆಂಗಳೂರಿನ ಓಪನ್ ಆಫೀಸುಗಳಿಗೆ ಸೇರಿದ ಸೀನಿಯರ್‌ಗಳು ಹಾಸನಕ್ಕೆ ಬಂದಾಗ ಹೇಳೋ ದೂರು ಹೆಚ್ಚುಕಡಿಮೆ ಒಂದೇ. ನಾಲ್ಕು ಟೇಬಲ್ ಆಚೆ ಕೂತವರ ಫೋನ್ ಮಾತೆಲ್ಲ ಕಿವಿಗೆ ಬೀಳುತ್ತೆ, ತಮ್ಮ ಮಾತೂ ಅವರಿಗೆ ಬೀಳುತ್ತೆ. ಸಂಬಳ, ಸಾಲ, ಅಮ್ಮನ ಆಪರೇಷನ್, ಯಾವುದನ್ನೂ ಅಲ್ಲಿ ಕೂತು ಮಾತಾಡೋ ಹಾಗಿಲ್ಲ. ಕೋಣೆಯೊಳಗಿನ ಶಬ್ದವನ್ನು ಮೊದಲು ಲೆಕ್ಕಕ್ಕೆ ತಂದವರು ಯಾರು ಅಂತ ಹುಡುಕುತ್ತಾ ಹೋದರೆ ನಾವು ಬಂದು ನಿಲ್ಲೋದು ವಾಲೇಸ್ ಕ್ಲೆಮೆಂಟ್ ಸಬೈನ್ ಅವರ ಹತ್ತಿರ.

1868ರಲ್ಲಿ ಅಮೆರಿಕದ ಓಹಾಯೋದಲ್ಲಿ ಹುಟ್ಟಿದ ಸಬೈನ್ ಹದಿನೆಂಟಕ್ಕೇ ಡಿಗ್ರಿ ಮುಗಿಸಿ ಹಾರ್ವರ್ಡ್ ಸೇರಿದರು. ಡಾಕ್ಟರೇಟ್ ಮಾಡಲೇ ಇಲ್ಲ. (ಪಿಎಚ್‌ಡಿ ಇಲ್ಲದೆ ಪ್ರೊಫೆಸರ್! ಈಗ ಆಗೋ ಮಾತಾ?) 1895ರಲ್ಲಿ ಹಾರ್ವರ್ಡಿನ ಹೊಸ ಫಾಗ್ ಮ್ಯೂಸಿಯಂನ ಲೆಕ್ಚರ್ ಹಾಲ್ ಒಂದು ತಲೆನೋವಾಗಿತ್ತು. ಮೇಷ್ಟ್ರು ಒಂದು ಮಾತಾಡಿದರೆ ಅದರ ದನಿ ಐದೂವರೆ ಸೆಕೆಂಡ್ ಹಾಲ್‌ನಲ್ಲೇ ಸುತ್ತುತ್ತಿತ್ತು. ಅಷ್ಟರಲ್ಲಿ ಮುಂದಿನ ಹನ್ನೆರಡು ಹದಿನೈದು ಅಕ್ಷರಗಳು ಅದರ ಮೇಲೆ ಬಂದು ಬಿದ್ದು ಎಲ್ಲಾ ಕಲಸುಮೇಲೋಗರ. ಅದನ್ನು ಸರಿಮಾಡೋ ಕೆಲಸ ಇಪ್ಪತ್ತೇಳು ವರ್ಷದ ಸಬೈನ್ ಹೆಗಲಿಗೆ ಬಿತ್ತು.

ಅವರ ಲ್ಯಾಬ್ ಸಾಮಾನು ಒಂದು ಆರ್ಗನ್ ಪೈಪು, ಸಮಯ ಅಳೆಯೋ ಒಂದು ಉಪಕರಣ, ಮತ್ತೆ ತಮ್ಮ ಕಿವಿ, ಅಷ್ಟೇ. ಹಗಲಲ್ಲಿ ಬೀದಿ ಸದ್ದು ಇರೋದರಿಂದ ಮಧ್ಯರಾತ್ರಿ ಮೇಲೆ ಕೆಲಸ. ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಸೀಟ್ ಕುಶನ್‌ಗಳನ್ನು ಹುಡುಗರ ಜೊತೆ ಹೊತ್ತು ತಂದು, ಹಾಲ್‌ನಲ್ಲಿ ಸ್ವಲ್ಪ ಸ್ವಲ್ಪವಾಗಿ ಹಾಸಿ, ಪೈಪು ಊದಿ ನಿಲ್ಲಿಸಿ, ದನಿ ಪೂರ್ತಿ ಅಡಗೋಕೆ ಎಷ್ಟು ಹೊತ್ತು ಅಂತ ಬರೆದುಕೊಳ್ಳೋದು. ಬೆಳಗಾಗುವ ಮೊದಲು ಎಲ್ಲವನ್ನೂ ವಾಪಸ್ ಇಡಬೇಕು. ಕುಶನ್ ಹೆಚ್ಚಿದಂತೆ ಆ ಐದೂವರೆ ಸೆಕೆಂಡ್ ಇಳಿದು ಒಂದು ಸೆಕೆಂಡಿನ ಹತ್ತಿರ ಬಂತು. ತೊಟ್ಟ ಬಟ್ಟೆಯೂ ಶಬ್ದ ಹೀರುತ್ತೆ ಅಂತ ಗೊತ್ತಾದಾಗ, ಯಾವ ಬಟ್ಟೆ ಹಾಕಿದ್ದೆ ಅಂತ ಬರೆದಿಟ್ಟಿಲ್ಲ ಅನ್ನೋ ಒಂದೇ ಕಾರಣಕ್ಕೆ ಎರಡು ತಿಂಗಳಲ್ಲಿ ತೆಗೆದ ಮೂರು ಸಾವಿರಕ್ಕೂ ಹೆಚ್ಚು ಅಳತೆಗಳನ್ನು ಬದಿಗಿಟ್ಟರು. ರೀಡಿಂಗ್ ಹೊಂದದಿದ್ದರೆ ಪಕ್ಕದವನ ರೆಕಾರ್ಡ್ ನೋಡೋ ನಮಗೆ ಇದು ಸ್ವಲ್ಪ ಚುಚ್ಚುತ್ತೆ.

ಕಟ್ಟಾಯದಲ್ಲಾಗಲಿ ಹಾಸನದಲ್ಲಾಗಲಿ ಹೊಸ ಮನೆ ಕಟ್ಟಿದಾಗ ನೋಡಿ. ಗೃಹಪ್ರವೇಶಕ್ಕೆ ಮುಂಚೆ ಖಾಲಿ ಹಾಲ್‌ನಲ್ಲಿ ಕೂಗಿದರೆ ಗುಂಯ್ ಅನ್ನುತ್ತೆ. ಹಾಸಿಗೆ, ಕಂಬಳಿ, ನೆಂಟರು ತುಂಬಿದ ಮೇಲೆ ಆ ಗುಂಯ್ ಮಾಯ. ಇದನ್ನೇ ಸಬೈನ್ 1898ರಲ್ಲಿ ಒಂದು ಸೂತ್ರಕ್ಕೆ ಇಳಿಸಿದರು. ಕೋಣೆಯ ಘನಗಾತ್ರವನ್ನು ಮೀಟರ್ ಲೆಕ್ಕದಲ್ಲಿ 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನದ ಸಮಯ ಸಿಗುತ್ತೆ. ಹೀರಿಕೆಗೆ ಅವರು ಹಿಡಿದ ಅಳತೆಗೋಲು ತೆರೆದ ಕಿಟಕಿ, ಯಾಕಂದ್ರೆ ಅದರಿಂದ ಆಚೆ ಹೋದ ಶಬ್ದ ತಿರುಗಿ ಬರಲ್ಲ. ಈ ಸೂತ್ರ ಹಿಡಿದು ರೂಪಿಸಿದ ಬಾಸ್ಟನ್ ಸಿಂಫನಿ ಹಾಲ್ 1900ರ ಅಕ್ಟೋಬರ್ 15ರಂದು ತೆರೆಯಿತು. ಮೊದಮೊದಲು ಕೆಲವು ವಿಮರ್ಶಕರು ಒಪ್ಪಲಿಲ್ಲ. ಈಗ ಜಗತ್ತಿನ ಒಳ್ಳೇ ಹಾಲ್‌ಗಳ ಪಟ್ಟಿಯಲ್ಲಿ ಅದರ ಹೆಸರು ತಪ್ಪಲ್ಲ.

ಹಾಗಾದ್ರೆ ಆಫೀಸಿಗೂ ಕುಶನ್ ಹಾಕಿಬಿಟ್ಟರೆ ಆಯ್ತಲ್ಲ ಅನ್ನಿಸುತ್ತೆ. ಆಗಲ್ಲ. ಸಬೈನ್ ಹಾಲ್‌ನಲ್ಲಿ ಹಿಂದಿನ ಬೆಂಚಿಗೂ ಮಾತು ಸ್ಪಷ್ಟವಾಗಿ ಕೇಳಬೇಕಿತ್ತು, ಆಫೀಸಲ್ಲಿ ಕೇಳಲೇಬಾರದು. ಹೀರುವ ಸೀಲಿಂಗ್, ಕಾರ್ಪೆಟ್ ಹಾಕಿದಾಗ ಗದ್ದಲ ಇಳಿಯುತ್ತೆ ನಿಜ. ಆದರೆ ಗದ್ದಲವೂ ಗುಂಯ್ ಅನ್ನೋದೂ ಹೋದಮೇಲೆ, ಅಷ್ಟು ಹೊತ್ತು ಅದರಲ್ಲಿ ಮುಳುಗಿದ್ದ ದೂರದ ಮಾತು ಬಿಡಿಬಿಡಿಯಾಗಿ ತಿಳಿಯೋಕೆ ಶುರುವಾಗಬಹುದು. ಕೆಲಸ ಕೆಡಿಸೋದು ಬರೀ ಸದ್ದಲ್ಲ, ಅರ್ಥವಾಗೋ ಮಾತು. ಅದಕ್ಕೇ ಹೀರಿಕೆಯ ಜೊತೆಗೆ ಮಾತು ನೇರ ಬರದ ಹಾಗೆ ಎತ್ತರದ ಅಡ್ಡಪರದೆ ಬೇಕು, ಉಳಿದ ಮಾತನ್ನು ಮುಚ್ಚೋಕೆ ಫ್ಯಾನ್ ಸದ್ದಿನಂಥ ಒಂದು ಮೆಲುದನಿಯನ್ನು ಸ್ಪೀಕರಿನಿಂದ ಬಿಡಬೇಕು. ಗುಟ್ಟಿನ ಮಾತಿಗಂತೂ ಬಾಗಿಲಿರೋ ಕೋಣೆಯೇ ಬೇಕು.

ಶಬ್ದವನ್ನು ಹೀರೋದು ಬೇರೆ, ಆಚೆ ಹೋಗದ ಹಾಗೆ ತಡೆಯೋದು ಬೇರೆ ಅನ್ನೋದು ಸಬೈನ್‌ಗೂ ಗೊತ್ತಿತ್ತು. ಗೋಡೆ, ಬಾಗಿಲು ದಾಟಿ ಹೋಗೋ ಶಬ್ದದ ಬಗ್ಗೆ ಅವರ ಬರಹ ಬಂದದ್ದು 1915ರಲ್ಲಿ. ಇಂಥ ಅಳತೆಗಳಿಗೆ ಇಲಿನಾಯ್ಸ್‌ನ ಜಿನೀವಾ ಊರಲ್ಲಿ ಜಾರ್ಜ್ ಫೇಬಿಯನ್ ಎಂಬ ಶ್ರೀಮಂತ ಅವರಿಗಾಗಿಯೇ ರಿವರ್‌ಬ್ಯಾಂಕ್ ಅನ್ನೋ ಪ್ರಯೋಗಾಲಯ ಕಟ್ಟಿಸತೊಡಗಿದ. ಅಷ್ಟರಲ್ಲಿ ಮೊದಲ ಮಹಾಯುದ್ಧ. ಯುರೋಪಿಗೆ ಹೋಗಿ ಬಂದು, ವಾಷಿಂಗ್ಟನ್ನಿನಲ್ಲಿ ವಿಮಾನ ಇಲಾಖೆಯ ಕೆಲಸ, ಹಾರ್ವರ್ಡಿನಲ್ಲಿ ಪಾಠ ಎರಡನ್ನೂ ಹೊತ್ತುಕೊಂಡರು. ಮೊದಲೇ ಕೆಟ್ಟಿದ್ದ ಆರೋಗ್ಯ ತಡೆಯಲಿಲ್ಲ. 1919ರ ಜನವರಿ 10ರಂದು, ಐವತ್ತನೇ ವಯಸ್ಸಿಗೆ ತೀರಿಕೊಂಡರು. ಪ್ರಯೋಗಾಲಯ ಸಿದ್ಧವಾಗಿತ್ತು, ಅಲ್ಲಿ ಅಳತೆ ಮಾಡೋಕೆ ಅವರಿರಲಿಲ್ಲ. ಅವರ ಸಂಬಂಧಿ ಪಾಲ್ ಸಬೈನ್ ಆ ಕೆಲಸ ಹಿಡಿದರು. ಗೋಡೆ, ಬಾಗಿಲು, ಸೀಲಿಂಗ್ ಟೈಲ್ ಎಷ್ಟು ಶಬ್ದ ಹೀರುತ್ತೆ, ಎಷ್ಟು ತಡೆಯುತ್ತೆ ಅಂತ ಅಲ್ಲಿ ಈಗಲೂ ಅಳೀತಾರೆ.