ನೀರಿನ ಜೊತೆ ಬಾಗಿದ ಬೆಳಕು: ಜಾನ್ ಟಿಂಡಾಲ್ ಕಥೆ

ಹೈಸ್ಕೂಲಲ್ಲಿ ಟಿಂಡಾಲ್ ಪರಿಣಾಮ ಓದದೇ ಇಲ್ಲಿಗೆ ಬಂದವರು ಯಾರೂ ಇರಲಿಕ್ಕಿಲ್ಲ. ಮಂಜು ಮುಸುಕಿದ ಕಾಡಲ್ಲಿ ಮರಗಳ ಮಧ್ಯೆ ಇಳಿಯೋ ಬಿಸಿಲುಕೋಲು, ಹಾಲು ಬೆರೆಸಿದ ನೀರಲ್ಲಿ ಕಾಣೋ ಬೆಳಕಿನ ದಾರಿ, ಎರಡು ಮಾರ್ಕ್ಸಿನ ಉತ್ತರ, ಅಲ್ಲಿಗೆ ಮುಗೀತು. ಆಮೇಲೆ ಇಂಜಿನಿಯರಿಂಗ್ ಫಿಸಿಕ್ಸಲ್ಲಿ ಆಪ್ಟಿಕಲ್ ಫೈಬರ್ ಬರುತ್ತೆ. ನ್ಯೂಮರಿಕಲ್ ಅಪರ್ಚರ್ ಡಿರೈವ್ ಮಾಡ್ತೀವಿ, ಅಟೆನ್ಯುಯೇಷನ್ ಪ್ರಾಬ್ಲಮ್ ಬಿಡಿಸ್ತೀವಿ. ಅಲ್ಲಿ ಟಿಂಡಾಲ್ ಹೆಸರು ಬಂದರೆ ಒಂದು ಸಾಲು, ಇಲ್ಲದಿದ್ದರೆ ಅದೂ ಇಲ್ಲ. ಆದರೆ ಮನೆಗೆ ಬರೋ ಫೈಬರ್ ಬ್ರಾಡ್‌ಬ್ಯಾಂಡ್ ಯಾವ ತರಂಗಾಂತರದಲ್ಲಿ ಓಡಬೇಕು ಅಂತ ತೀರ್ಮಾನ ಆಗಿರೋದರ ಹಿಂದಿನ ಫಿಸಿಕ್ಸ್ ನೋಡಿದರೆ, ಈ ಮನುಷ್ಯ ಒಂದಲ್ಲ ಮೂರು ಕಡೆ ಸಿಗ್ತಾನೆ. ತಮಾಷೆ ಏನಂದ್ರೆ, ಆ ಮೂರರಲ್ಲಿ ಯಾವುದಕ್ಕೆ ಜನ ಅವನನ್ನು ಜಾಸ್ತಿ ಹೊಗಳಿದರೋ ಅದು ಅವನಿಗೆ ಸೇರಬೇಕಾದ ಹೊಗಳಿಕೆಯೇ ಅಲ್ಲ.

ಜಾನ್ ಟಿಂಡಾಲ್ ಹುಟ್ಟಿದ್ದು 1820ರ ಆಗಸ್ಟ್ 2ರಂದು, ಐರ್ಲೆಂಡಿನ ಕಾರ್ಲೋ ಕೌಂಟಿಯ ಲೀಲಿನ್‌ಬ್ರಿಜ್ ಅನ್ನೋ ಊರಲ್ಲಿ. ಅಪ್ಪ ಪೊಲೀಸ್ ಕಾನ್ಸ್‌ಟೇಬಲ್. ದುಡ್ಡಿದ್ದ ಮನೆ ಅಲ್ಲ, ಆದರೆ ಮಗನ ಓದಿಗೆ ಅಡ್ಡಿ ಬರಲಿಲ್ಲ. ಊರಿನ ಶಾಲೆಯಲ್ಲೇ ಹುಡುಗ ಗಣಿತ ಮತ್ತು ಸರ್ವೇ ಕೆಲಸ ಚೆನ್ನಾಗಿ ಕಲಿತ. 1839ರಲ್ಲಿ, ಅಂದ್ರೆ ನಮ್ಮ ವಯಸ್ಸಿಗೇ, ಐರ್ಲೆಂಡಿನ ಭೂಮಾಪನ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದ. 1842ರಲ್ಲಿ ಇಂಗ್ಲೆಂಡಿನ ಪ್ರೆಸ್ಟನ್‌ಗೆ ವರ್ಗ ಆಯ್ತು. ಅಲ್ಲಿ ಸಂಬಳ ಕಡಿಮೆ, ಕೆಲಸಗಾರರನ್ನು ನಡೆಸಿಕೊಳ್ಳೋ ರೀತಿಯೂ ಸರಿ ಇರಲಿಲ್ಲ. ಟಿಂಡಾಲ್ ಮತ್ತು ಜೊತೆಯವರು ಪ್ರತಿಭಟನೆ ಮಾಡಿದರು. ಪರಿಣಾಮ, 1843ರಲ್ಲಿ ಕೆಲಸದಿಂದ ವಜಾ.

ಆಗ ಇಂಗ್ಲೆಂಡಲ್ಲಿ ರೈಲ್ವೆ ಹುಚ್ಚು ಹಿಡಿದಿದ್ದ ಕಾಲ. ಎಲ್ಲಿ ನೋಡಿದರೂ ಹೊಸ ಲೈನು, ಎಲ್ಲರಿಗೂ ಸರ್ವೇಯರ್ ಬೇಕು. ಟಿಂಡಾಲ್‌ಗೆ ರೈಲ್ವೆ ಸರ್ವೇಯಲ್ಲಿ ಒಳ್ಳೇ ದುಡ್ಡು ಸಿಕ್ತು. ಆ ಗುಳ್ಳೆ ಒಡೆದ ಮೇಲೆ 1847ರಲ್ಲಿ ಹ್ಯಾಂಪ್‌ಶೈರ್‌ನ ಕ್ವೀನ್‌ವುಡ್ ಕಾಲೇಜಲ್ಲಿ ಗಣಿತದ ಮೇಷ್ಟ್ರಾದ. ಅಲ್ಲಿ ಎಡ್ವರ್ಡ್ ಫ್ರಾಂಕ್‌ಲ್ಯಾಂಡ್ ಅನ್ನೋ ಕೆಮಿಸ್ಟ್ರಿ ಮೇಷ್ಟ್ರು ದೋಸ್ತ್ ಆದ. ಇಬ್ಬರಿಗೂ ವಿಜ್ಞಾನವನ್ನ ಸರಿಯಾಗಿ ಕಲೀಬೇಕು ಅನ್ನೋ ಹಟ. 1848ರಲ್ಲಿ ಇಬ್ಬರೂ ಕೆಲಸ ಬಿಟ್ಟು ಜರ್ಮನಿಯ ಮಾರ್‌ಬುರ್ಗ್ ಯೂನಿವರ್ಸಿಟಿಗೆ ಹೋದರು. ಟಿಂಡಾಲ್‌ಗೆ ಆಗ ಇಪ್ಪತ್ತೆಂಟು ವರ್ಷ. ಕೈಯಲ್ಲಿ ಡಿಗ್ರಿ ಇಲ್ಲ, ಜರ್ಮನ್ ಭಾಷೆ ಸರಿಯಾಗಿ ಬರಲ್ಲ, ಖರ್ಚಿಗೆ ತಾನು ಕೂಡಿಟ್ಟ ದುಡ್ಡೇ. ನಮ್ಮ ಲ್ಯಾಬ್ ಬರ್ನರ್‌ಗೆ ಹೆಸರು ಕೊಟ್ಟ ಬುನ್ಸೆನ್ ಅಲ್ಲಿನ ಪ್ರೊಫೆಸರ್, ಅವನ ಕ್ಲಾಸಲ್ಲಿ ಕೂತು ಕಲಿತ. ಎರಡೇ ವರ್ಷದೊಳಗೆ ಪಿಎಚ್‌ಡಿ ಮುಗಿಸಿದ.

ವಾಪಸ್ ಬಂದ ಮೇಲೂ ಕೆಲಸ ಸುಲಭಕ್ಕೆ ಸಿಗಲಿಲ್ಲ, ಮತ್ತೆ ಕ್ವೀನ್‌ವುಡ್‌ನಲ್ಲೇ ಪಾಠ ಮಾಡಿದ. 1852ರಲ್ಲಿ ರಾಯಲ್ ಸೊಸೈಟಿ ಫೆಲೋ ಆದ. 1853ರ ಆರಂಭದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಶನ್‌ನಲ್ಲಿ ಒಂದು ಶುಕ್ರವಾರದ ಸಂಜೆ ಉಪನ್ಯಾಸ ಕೊಟ್ಟ. ಅದು ಎಷ್ಟು ಹಿಡಿಸಿತು ಅಂದ್ರೆ ಅದೇ ವರ್ಷ ಅಲ್ಲೇ ಪ್ರೊಫೆಸರ್ ಮಾಡಿಕೊಂಡರು. ಮೈಕೆಲ್ ಫ್ಯಾರಡೆ ಇದ್ದ ಜಾಗ ಅದು. ಬಡತನದಿಂದ ಬಂದು ತಾನೇ ಕಲಿತು ಮೇಲೆದ್ದ ಫ್ಯಾರಡೆಗೆ ಟಿಂಡಾಲ್‌ನಲ್ಲಿ ತನ್ನದೇ ನೆರಳು ಕಂಡಿರಬೇಕು. ಇಬ್ಬರ ಸ್ನೇಹ ಕೊನೆಯವರೆಗೂ ಉಳಿಯಿತು.

ಈಗ ಆ ಪ್ರಸಿದ್ಧ ನೀರಿನ ಪ್ರಯೋಗಕ್ಕೆ ಬರೋಣ. 1854ರಲ್ಲಿ ಟಿಂಡಾಲ್ ಸಭಿಕರ ಮುಂದೆ ನೀರಿನ ತೊಟ್ಟಿಯಿಂದ ಒಂದು ತೂತಿನ ಮೂಲಕ ನೀರು ಚಿಮ್ಮಿಸಿದ, ಅದರೊಳಗೆ ಬೆಳಕು ಬಿಟ್ಟ. ನೀರಿನ ಧಾರೆ ಬಾಗಿ ಕೆಳಗೆ ಬೀಳ್ತಾ ಇದ್ದರೆ ಬೆಳಕೂ ಅದರ ಜೊತೆ ಬಾಗಿತು. ಬೆಳಕು ನೇರವಾಗಿ ಹೋಗುತ್ತೆ ಅಂತ ನಂಬಿದ್ದ ಜನಕ್ಕೆ ಇದು ಮ್ಯಾಜಿಕ್. ಕಾರಣ ನಮಗೆಲ್ಲ ಗೊತ್ತು: ನೀರಿನಿಂದ ಗಾಳಿಗೆ ಹೋಗುವಾಗ ಕೋನ ಸುಮಾರು 48.5 ಡಿಗ್ರಿಗಿಂತ ಜಾಸ್ತಿ ಇದ್ದರೆ ಬೆಳಕು ಹೊರಗೆ ಹೋಗಲ್ಲ, ಪೂರ್ತಿ ಒಳಗೇ ಪ್ರತಿಫಲನ ಆಗುತ್ತೆ. ಹೀಗೆ ಗೋಡೆಯಿಂದ ಗೋಡೆಗೆ ಬಡಿದುಕೊಂಡು ಮುಂದೆ ಸಾಗುತ್ತೆ. ಆಪ್ಟಿಕಲ್ ಫೈಬರಿನ ಮೂಲ ತತ್ವ ಇದೇ. ಅದಕ್ಕೇ ಎಷ್ಟೋ ಪುಸ್ತಕಗಳಲ್ಲಿ ಫೈಬರ್ ಆಪ್ಟಿಕ್ಸ್ ಇತಿಹಾಸ ಟಿಂಡಾಲ್‌ನಿಂದ ಶುರು ಆಗುತ್ತೆ.

ಆದರೆ ಅದು ಸರಿ ಅಲ್ಲ. ಇದನ್ನ 1841ರಲ್ಲೇ ಜಿನೀವಾದಲ್ಲಿ ಡೇನಿಯಲ್ ಕೊಲಾಡನ್ ಮಾಡಿ ತೋರಿಸಿದ್ದ. 1826ರಲ್ಲಿ ಜಿನೀವಾ ಸರೋವರದ ನೀರಿನೊಳಗೆ ಗಂಟೆ ಬಾರಿಸಿ ನೀರಲ್ಲಿ ಶಬ್ದದ ವೇಗ ಅಳೆದನಲ್ಲ, ಅವನೇ. ಕ್ಲಾಸಿನಲ್ಲಿ ನೀರಿನ ಧಾರೆ ಹೇಗೆ ಒಡೆಯುತ್ತೆ ಅಂತ ಎಲ್ಲರಿಗೂ ಕಾಣಲಿ ಅಂತ ಅದರೊಳಗೆ ಬೆಳಕು ಬಿಟ್ಟಿದ್ದ, ಬೆಳಕು ಧಾರೆಯಲ್ಲೇ ಸಿಕ್ಕಿಹಾಕಿಕೊಂಡಿತು. 1842ರಲ್ಲಿ ಅದನ್ನ ಪ್ರಕಟಿಸಿಯೂ ಇದ್ದ. ಪ್ಯಾರಿಸ್‌ನ ಜಾಕ್ ಬಾಬಿನೆ ಇದನ್ನ ಬಾಗಿದ ಗಾಜಿನ ಕಡ್ಡಿಯಲ್ಲೂ ಮಾಡಬಹುದು ಅಂತ ಗಮನಿಸಿದ್ದ. ಟಿಂಡಾಲ್‌ಗೆ ಈ ಪ್ರಯೋಗ ಸೂಚಿಸಿದ್ದು ಫ್ಯಾರಡೆ. ಟಿಂಡಾಲ್ ಕೊಲಾಡನ್ ಹೆಸರು ಹೇಳಲಿಲ್ಲ. ಕದ್ದ ಅಂತ ಹೇಳೋಕೆ ಆಗಲ್ಲ, ಈ ಪ್ರಯೋಗ ತನ್ನ ಆವಿಷ್ಕಾರ ಅಂತ ಅವನು ಮೆರೆದಾಡಿದ್ದೂ ಇಲ್ಲ. ಆದರೆ ಟಿಂಡಾಲ್ ಇಂಗ್ಲಿಷಲ್ಲಿ ಬರೆದ, ಅವನ ಪುಸ್ತಕಗಳನ್ನ ಲೋಕವೆಲ್ಲ ಓದಿತು. ಕೊಲಾಡನ್ ಫ್ರೆಂಚಲ್ಲಿ ಬರೆದ, ಆ ಲೇಖನ ಕಪಾಟು ಸೇರಿತು. ಯಾವ ಭಾಷೆಯಲ್ಲಿ ಬರೀತೀವಿ ಅನ್ನೋದು ಯಾರ ಹೆಸರು ಉಳಿಯುತ್ತೆ ಅನ್ನೋದನ್ನೂ ನಿರ್ಧರಿಸುತ್ತೆ. ಕನ್ನಡ ಸಂಘದ ಪತ್ರಿಕೆ ಓದೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಟಿಂಡಾಲ್‌ನ ನಿಜವಾದ ದೊಡ್ಡ ಕೆಲಸ ಶುರುವಾಗಿದ್ದು 1859ರಲ್ಲಿ. ಯಾವ ಅನಿಲ ಎಷ್ಟು ಶಾಖ ಕಿರಣಗಳನ್ನ ಹೀರುತ್ತೆ ಅಂತ ಅಳೆಯೋಕೆ ಥರ್ಮೋಪೈಲ್ ಮತ್ತು ಗ್ಯಾಲ್ವನೋಮೀಟರ್ ಇಟ್ಟುಕೊಂಡು ತಾನೇ ಒಂದು ಉಪಕರಣ ಕಟ್ಟಿದ. ಆಮ್ಲಜನಕ, ಸಾರಜನಕ ಶಾಖವನ್ನ ಹೆಚ್ಚುಕಡಿಮೆ ಹಾಗೇ ಬಿಟ್ಟುಕೊಡ್ತವೆ, ನೀರಾವಿ ಮತ್ತು ಕಾರ್ಬನ್ ಡೈಆಕ್ಸೈಡ್ ಹಿಡಿದಿಟ್ಟುಕೊಳ್ತವೆ ಅಂತ ಕಂಡುಹಿಡಿದ. ಹಸಿರುಮನೆ ಪರಿಣಾಮದ ಅಳತೆ ಆಧಾರ ಇದು. ಇಲ್ಲೂ ಒಂದು ಹೆಸರು ಸೇರಿಸಲೇಬೇಕು. 1856ರಲ್ಲೇ ಅಮೆರಿಕದ ಯೂನಿಸ್ ಫೂಟ್ ಅನ್ನೋ ಮಹಿಳೆ ಗಾಜಿನ ಕೊಳವೆಗಳನ್ನ ಬಿಸಿಲಲ್ಲಿಟ್ಟು ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಬಿಸಿಯಾಗುತ್ತೆ ಅಂತ ತೋರಿಸಿದ್ದಳು. ಶಾಖ ಕಿರಣಗಳನ್ನ ಬೇರ್ಪಡಿಸಿ ಅಳೆದಿದ್ದು ಟಿಂಡಾಲ್, ಮೊದಲು ಗಮನಿಸಿದ್ದು ಆಕೆ.

ಮೂರನೇದು ಚದುರುವಿಕೆ. 1868ರ ಸುಮಾರಿಗೆ ಕೊಳವೆಯಲ್ಲಿ ತೀರಾ ಸಣ್ಣ ಕಣಗಳ ಮೋಡ ಮಾಡಿ ಬೆಳಕು ಹಾಯಿಸಿದ. ಕಣ ಸಣ್ಣದಿದ್ದಷ್ಟೂ ಚದುರಿದ ಬೆಳಕು ನೀಲಿ ಕಂಡಿತು. ಆಕಾಶ ನೀಲಿ ಯಾಕೆ ಅನ್ನೋದಕ್ಕೆ ದಾರಿ ಸಿಕ್ತು. 1871ರಲ್ಲಿ ರೇಲೀ ಇದಕ್ಕೆ ಗಣಿತ ಕೊಟ್ಟ: ಚದುರುವಿಕೆ ತರಂಗಾಂತರದ ನಾಲ್ಕನೇ ಘಾತಕ್ಕೆ ವಿಲೋಮ. ಅರ್ಧ ಶತಮಾನದ ನಂತರ ಸಮುದ್ರದ ನೀಲಿ ಬಗ್ಗೆ ತಲೆಕೆಡಿಸಿಕೊಂಡು ಇದೇ ದಾರಿಯಲ್ಲಿ ಮುಂದೆ ಹೋದವರು ಸಿ. ವಿ. ರಾಮನ್, ಕೊನೆಗೆ ಬೆಂಗಳೂರಲ್ಲೇ ನೆಲೆ ನಿಂತವರು.

ಇವೆಲ್ಲ ಫೈಬರ್‌ಗೆ ಹೇಗೆ ಬಂದು ಸೇರುತ್ತೆ ನೋಡಿ. ಬೆಳಕನ್ನ ಗಾಜಿನೊಳಗೆ ಹಿಡಿಯೋದು ಗೊತ್ತಿದ್ದರೂ 1960ರ ದಶಕದ ಗಾಜಲ್ಲಿ ಒಂದು ಕಿಲೋಮೀಟರ್‌ಗೆ ಸುಮಾರು 1000 ಡೆಸಿಬೆಲ್ ನಷ್ಟ. 1966ರಲ್ಲಿ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕಮ್, ತಪ್ಪು ಗಾಜಿನದಲ್ಲ, ಅದರೊಳಗಿನ ಕಲ್ಮಶದ್ದು, ನಷ್ಟವನ್ನ 20 ಡೆಸಿಬೆಲ್‌ಗೆ ಇಳಿಸಿದರೆ ಸಂಪರ್ಕಕ್ಕೆ ಬಳಸಬಹುದು ಅಂತ ವಾದಿಸಿದರು. 1970ರಲ್ಲಿ ಕಾರ್ನಿಂಗ್ ಕಂಪನಿ ಅದನ್ನ ಸಾಧಿಸಿತು. ಕಲ್ಮಶ ತೆಗೆದ ಮೇಲೆ ಉಳಿದಿದ್ದು ಮುಖ್ಯವಾಗಿ ಎರಡು ಶತ್ರುಗಳು. ಒಂದು ರೇಲೀ ಚದುರುವಿಕೆ, ಅದಕ್ಕೇ ಕಣ್ಣಿಗೆ ಕಾಣೋ ಬೆಳಕು ಬಿಟ್ಟು ಉದ್ದ ತರಂಗಾಂತರದ ಅವಗೆಂಪಿಗೆ ಹೋದರು. ಇನ್ನೊಂದು ಗಾಜಿನಲ್ಲಿ ಉಳಿದುಬಿಡೋ ನೀರಿನ ಅಂಶ. ಅದರ ಆಮ್ಲಜನಕ-ಜಲಜನಕ ಬಂಧ 1383 ನ್ಯಾನೋಮೀಟರ್ ಹತ್ತಿರ ಬೆಳಕನ್ನ ಹೀರುತ್ತೆ, ಇದಕ್ಕೆ ವಾಟರ್ ಪೀಕ್ ಅಂತಾರೆ. ನೀರು ಅವಗೆಂಪಿನ ಶತ್ರು ಅಂತ ಟಿಂಡಾಲ್ ತನ್ನ ಕೊಳವೆಯಲ್ಲಿ ಅಳೆದಿದ್ದನಲ್ಲ, ಅದೇ ಬಂಧದ ಇನ್ನೊಂದು ಮುಖ.

1995ರಲ್ಲಿ ಕೆಲವು ದೊಡ್ಡ ಟೆಲಿಫೋನ್ ಕಂಪನಿಗಳು ಸೇರಿ ಎಫ್‌ಎಸ್‌ಎಎನ್ ಅನ್ನೋ ಗುಂಪು ಕಟ್ಟಿದವು. ಪ್ರತಿ ಮನೆಗೂ ಫೈಬರ್ ಬರಬೇಕಾದರೆ ಉಪಕರಣ ಅಗ್ಗ ಆಗಬೇಕು, ಅಗ್ಗ ಆಗಬೇಕಾದರೆ ಎಲ್ಲರೂ ಒಂದೇ ಮಾನಕ ಒಪ್ಪಬೇಕು. ಅದರಿಂದ 1998ರಲ್ಲಿ ಐಟಿಯು ಜಿ.983 ಬಂತು, 2003ರಲ್ಲಿ ಜಿ.984, ಅಂದ್ರೆ ನಾವು ಜಿಪಾನ್ ಅನ್ನೋದು. 2004ರಲ್ಲಿ ಐಇಇಇ ತನ್ನ ಈಪಾನ್ ತಂತು. ಜಿಪಾನ್‌ನಲ್ಲಿ ಮನೆ ಕಡೆಗೆ 1490 ನ್ಯಾನೋಮೀಟರಲ್ಲಿ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, ಮನೆಯಿಂದ 1310ರಲ್ಲಿ 1.25 ಗಿಗಾಬಿಟ್. ಎರಡು ಸಂಖ್ಯೆಗಳ ಮಧ್ಯೆ ಆ 1383ರ ಗುಡ್ಡ ಇದೆ, ಗಮನಿಸಿ. ಒಂದೇ ಫೈಬರನ್ನ ಕರೆಂಟಿಲ್ಲದ ಸ್ಪ್ಲಿಟರ್ 32 ಮನೆಗೆ ಹಂಚಿದರೆ ಆದರ್ಶವಾಗಿಯೇ 15 ಡೆಸಿಬೆಲ್ ಹೋಗುತ್ತೆ. 20 ಕಿಲೋಮೀಟರ್ ಫೈಬರಿಗೆ 1310ರಲ್ಲಿ ಇನ್ನೊಂದು 7. ಸಾಮಾನ್ಯವಾಗಿ ಬಳಸೋ ಬಿ ಪ್ಲಸ್ ಕ್ಲಾಸಿನ ಒಟ್ಟು ಬಜೆಟ್ 28. ಕನೆಕ್ಟರ್, ಸ್ಪ್ಲೈಸು, ಸ್ಪ್ಲಿಟರಿನ ಸ್ವಂತ ನಷ್ಟಕ್ಕೆ ಉಳಿಯೋದು 6. ಚದುರುವಿಕೆ ಮತ್ತು ನೀರು ಎಷ್ಟು ತಿನ್ನುತ್ತೆ ಅನ್ನೋ ಲೆಕ್ಕ ಇಲ್ಲದಿದ್ದರೆ ಈ ಮಾನಕ ಬರೆಯೋಕೇ ಆಗ್ತಿರಲಿಲ್ಲ.

ಟಿಂಡಾಲ್ ಲ್ಯಾಬಲ್ಲೇ ಕೂತವನಲ್ಲ. ಆಲ್ಪ್ಸ್ ಪರ್ವತದ ಹುಚ್ಚು ಇತ್ತು, 1861ರಲ್ಲಿ ಇಬ್ಬರು ಗೈಡ್‌ಗಳ ಜೊತೆ ವೈಸ್‌ಹಾರ್ನ್ ಶಿಖರವನ್ನ ಮೊದಲ ಬಾರಿಗೆ ಹತ್ತಿದ. 1874ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಪ್ರಕೃತಿಯ ವಿಚಾರ ವಿಜ್ಞಾನಕ್ಕೆ ಸೇರಿದ್ದು, ಚರ್ಚಿಗಲ್ಲ ಅಂತ ಭಾಷಣ ಮಾಡಿ ದೊಡ್ಡ ಗಲಾಟೆ ಎಬ್ಬಿಸಿದ. 1872-73ರಲ್ಲಿ ಅಮೆರಿಕದಲ್ಲಿ ಉಪನ್ಯಾಸ ಪ್ರವಾಸ ಮಾಡಿ ಖರ್ಚು ಕಳೆದು ಉಳಿದ ಸುಮಾರು 13,000 ಡಾಲರನ್ನ ಅಲ್ಲಿನ ವಿಜ್ಞಾನ ವಿದ್ಯಾರ್ಥಿಗಳಿಗೇ ಬಿಟ್ಟುಬಂದ. ಆ ದುಡ್ಡಿನ ಫೆಲೋಶಿಪ್‌ನಲ್ಲಿ ಓದಿದವರಲ್ಲಿ ಕೊಲಂಬಿಯಾದ ಮೈಕೆಲ್ ಪ್ಯೂಪಿನ್ ಒಬ್ಬ. ತಾಮ್ರದ ತಂತಿಗೆ ಲೋಡಿಂಗ್ ಕಾಯಿಲ್ ಹಾಕಿ ಟೆಲಿಫೋನ್ ದನಿಯನ್ನ ದೂರ ಕಳಿಸಿದವನು ಅವನೇ. ನೂರು ವರ್ಷದ ನಂತರ ಅದೇ ತಂತಿಯಲ್ಲಿ ಡಿಎಸ್‌ಎಲ್ ಇಂಟರ್‌ನೆಟ್ ಓಡಿಸೋಕೆ ಹೊರಟಾಗ ಆ ಕಾಯಿಲ್‌ಗಳೇ ಹೆಚ್ಚಿನ ಫ್ರೀಕ್ವೆನ್ಸಿಗೆ ಅಡ್ಡ ಆದವು, ಕಿತ್ತು ಹಾಕಬೇಕಾಯ್ತು. ತಾಮ್ರದ ಮಿತಿ ದಾಟೋಕೆ ಕೊನೆಗೆ ಗಾಜೇ ಬೇಕಾಯ್ತು.

1876ರಲ್ಲಿ, ಐವತ್ತೈದರ ವಯಸ್ಸಲ್ಲಿ, ಲೂಯಿಸಾ ಹ್ಯಾಮಿಲ್ಟನ್‌ಳನ್ನ ಮದುವೆ ಆದ. ಆಕೆ ಅವನ ಕೆಲಸದಲ್ಲೂ ಜೊತೆಯಾದಳು. 1887ರಲ್ಲಿ ನಿವೃತ್ತಿ, ಆಮೇಲೆ ಹೈಂಡ್‌ಹೆಡ್‌ನ ಮನೆ. ನಿದ್ದೆ ಬರ್ತಿರಲಿಲ್ಲ, ಅದಕ್ಕೆ ಕ್ಲೋರಲ್. ಹೊಟ್ಟೆಗೆ ಮೆಗ್ನೀಷಿಯಾ. 1893ರ ಡಿಸೆಂಬರ್ 4ರಂದು ಲೂಯಿಸಾ ಬಾಟಲಿ ಬದಲಾಗಿ ಮೆಗ್ನೀಷಿಯಾ ಅಂದುಕೊಂಡು ಕ್ಲೋರಲ್ ಕೊಟ್ಟುಬಿಟ್ಟಳು. ಏನಾಯ್ತು ಅಂತ ಇಬ್ಬರಿಗೂ ಬೇಗ ಗೊತ್ತಾಯ್ತು, ಆದರೆ ಉಳಿಸೋಕೆ ಆಗಲಿಲ್ಲ. ವಿಚಾರಣೆಯಲ್ಲಿ ಇದು ಆಕಸ್ಮಿಕ ಅಂತ ತೀರ್ಮಾನ ಆಯ್ತು. ಅದೇ ವರ್ಷ ಜೂನ್‌ನಲ್ಲಿ ಜಿನೀವಾದಲ್ಲಿ ಕೊಲಾಡನ್ ಕೂಡ ತೀರಿಕೊಂಡಿದ್ದ.

ಗಂಡನಿಗೆ ತಕ್ಕ ಜೀವನಚರಿತ್ರೆ ಬರೀಬೇಕು ಅಂತ ಲೂಯಿಸಾ ಪತ್ರ, ಡೈರಿ ಎಲ್ಲ ಒಟ್ಟುಮಾಡ್ತಾ ಹೋದಳು. ನಲವತ್ತಾರು ವರ್ಷ ಬದುಕಿದಳು, ಪುಸ್ತಕ ಮಾತ್ರ ಮುಗಿಯಲಿಲ್ಲ. 1940ರಲ್ಲಿ ಆಕೆ ಹೋದಳು, ಬೇರೆಯವರು ಬರೆದ ಪುಸ್ತಕ 1945ರಲ್ಲಿ ಬಂತು. ಅಷ್ಟರಲ್ಲಿ ಟಿಂಡಾಲ್‌ನನ್ನ ನೋಡಿದವರು ಹೆಚ್ಚು ಉಳಿದಿರಲಿಲ್ಲ. ಅವನ ಅಳತೆಗಳು ಮರೆತವು, ಬೇರೆಯವರು ಮೊದಲು ಮಾಡಿದ ನೀರಿನ ಆಟ ಅವನ ಹೆಸರಲ್ಲಿ ಉಳೀತು. ಮುಂದಿನ ಸಲ ಫೈಬರ್ ಬಗ್ಗೆ ಸೆಮಿನಾರ್ ಕೊಡೋರು ಮೊದಲ ಸ್ಲೈಡಲ್ಲಿ ಕೊಲಾಡನ್ ಹೆಸರು ಹಾಕಿ. ಟಿಂಡಾಲ್‌ನನ್ನ ಅಟೆನ್ಯುಯೇಷನ್ ಗ್ರಾಫ್ ಇರೋ ಸ್ಲೈಡಿಗೆ ಕಳಿಸಿ, ಅವನ ಜಾಗ ಅಲ್ಲಿ.