ಯಲ್ಲಾಪ್ರಗಡ ಸುಬ್ಬರಾವ್: ರಕ್ತದ ಬೆನ್ನು ಹತ್ತಿದವರು

ಸರ್ಕಾರಿ ಶಾಲೆಗಳಲ್ಲಿ ಈಗ ಮಕ್ಕಳಿಗೆ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯಲ್ಲಿ ಫೋಲಿಕ್ ಆಮ್ಲವೂ ಇರುತ್ತದೆ. ಅದನ್ನು ಮೊದಲು ಪ್ರಯೋಗಾಲಯದಲ್ಲಿ ತಯಾರಿಸಿದ ತಂಡದ ಮುಖ್ಯಸ್ಥರು ಮೆಟ್ರಿಕ್ಯುಲೇಷನ್ ಪಾಸಾದದ್ದು ಮೂರನೇ ಸಲಕ್ಕೆ. ಈ ಸಂಚಿಕೆಗೆ ವಿಜ್ಞಾನಿಯೊಬ್ಬರ ಬಗ್ಗೆ ಬರೆಯಲು ಕೇಳಿದಾಗ ನಾನು ಅವರನ್ನೇ ಆರಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ.

ಸುಬ್ಬರಾವ್ ಅವರು 1895ರಲ್ಲಿ ಆಂಧ್ರದ ಭೀಮವರಂನಲ್ಲಿ ಹುಟ್ಟಿದರು. ಕಾಶಿಯಲ್ಲಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಮಾಡುತ್ತೇನೆಂದು ಮನೆ ಬಿಟ್ಟು ಹೊರಟಿದ್ದ ಹುಡುಗನನ್ನು ತಾಯಿ ವಾಪಸು ಕರೆತಂದು ಓದಲು ಕೂರಿಸಿದರಂತೆ. ಮುಂದೆ ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ತೊಟ್ಟರು. ಆಂಗ್ಲ ಪ್ರಾಧ್ಯಾಪಕರಿಗೆ ಅದು ಸರಿಬರಲಿಲ್ಲ. ಎಂ.ಬಿ.ಬಿ.ಎಸ್. ಬದಲು ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪದವಿ ದಕ್ಕಿತು.

ಆ ದಿನಗಳಲ್ಲೇ ಸ್ಪ್ರೂ ಎಂಬ ಕಾಯಿಲೆ ಅವರ ಮನೆ ಹೊಕ್ಕಿತು. ತಿಂದದ್ದು ಮೈಗೆ ಹತ್ತುವುದಿಲ್ಲ, ಭೇದಿ ನಿಲ್ಲುವುದಿಲ್ಲ, ರಕ್ತ ಕುಸಿಯುತ್ತದೆ. ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಅದೇ ಕಾಯಿಲೆ ಬಿದ್ದ ಸುಬ್ಬರಾವ್ ಮಾತ್ರ ಆಯುರ್ವೇದ ಚಿಕಿತ್ಸೆಯಿಂದ ಉಳಿದರು.

1923ರಲ್ಲಿ ಅವರು ಅಮೆರಿಕದ ಬಾಸ್ಟನ್ ತಲುಪಿದರು. ರಾತ್ರಿ ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯುವ ಕೆಲಸ, ಹಗಲು ಹಾರ್ವರ್ಡ್‌ನಲ್ಲಿ ಓದು. ಊರಲ್ಲಿ ಬಿಟ್ಟುಬಂದಿದ್ದ ಪತ್ನಿ ಶೇಷಗಿರಿಯವರಿಗೆ ಹುಟ್ಟಿದ ಮಗ ಶಿಶುವಾಗಿದ್ದಾಗಲೇ ತೀರಿಕೊಂಡಿತು. ಸುಬ್ಬರಾವ್ ಆ ಮಗುವನ್ನು ನೋಡಲಿಲ್ಲ, ಭಾರತಕ್ಕೆ ಮರಳಲೂ ಇಲ್ಲ. ಅವರ ಬಗ್ಗೆ ಎಷ್ಟೇ ಮೆಚ್ಚುಗೆ ಇದ್ದರೂ ಆ ತಾಯಿಯ ಪಾಲಿಗೆ ಏನುಳಿಯಿತು ಎಂದು ನನಗೆ ಅನ್ನಿಸದೆ ಇರಲಿಲ್ಲ.

ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆ ಸೇರಿ ರಕ್ತದಲ್ಲಿನ ರಂಜಕವನ್ನು ಅಳೆಯುವ ವಿಧಾನ ಕಂಡುಹಿಡಿದರು. ಜೀವಕೋಶಕ್ಕೆ ಶಕ್ತಿ ಒದಗಿಸುವ ಎ.ಟಿ.ಪಿ.ಯನ್ನೂ 1929ರಲ್ಲಿ ಗುರುತಿಸಿದರು. ಆದರೂ ಅಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಯಾವ ಸಾಲು ಯಾರು ಬರೆದದ್ದು ಎಂಬುದು ಕಂಪ್ಯೂಟರಿನಲ್ಲೇ ದಾಖಲಾಗಿರುತ್ತದೆ. ವಿಜ್ಞಾನದಲ್ಲಿ ಅಂಥ ಅನುಕೂಲ ಇಲ್ಲ, ಅದರಲ್ಲೂ ಸುಬ್ಬರಾವ್ ತಮ್ಮ ಹೆಸರು ಮುಂದೆ ಮಾಡುವ ಸ್ವಭಾವದವರೇ ಅಲ್ಲ.

1940ರಲ್ಲಿ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಔಷಧ ಕಂಪನಿಗೆ ಸೇರಿ, ಮುಂದೆ ಅಲ್ಲಿನ ಸಂಶೋಧನಾ ನಿರ್ದೇಶಕರಾದರು. ನಮ್ಮ ಮೂಳೆಮಜ್ಜೆ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣ ತಯಾರಿಸುತ್ತದೆ. ಒಂದು ಕೋಶ ಎರಡಾಗಬೇಕಾದರೆ ಅದರೊಳಗಿನ ಡಿ.ಎನ್.ಎ. ಮೊದಲು ಎರಡು ಪ್ರತಿಯಾಗಬೇಕು. ಆ ಪ್ರತಿ ತೆಗೆಯಲು ಬೇಕಾದ ಸಾಮಗ್ರಿ ಫೋಲಿಕ್ ಆಮ್ಲವಿಲ್ಲದೆ ಸಿದ್ಧವಾಗುವುದಿಲ್ಲ. ಆಗ ಮಜ್ಜೆಯ ಕೋಶಗಳು ಇಬ್ಭಾಗವಾಗದೆ ಸುಮ್ಮನೆ ಊದಿಕೊಂಡು ದೊಡ್ಡದಾಗುತ್ತವೆ, ರಕ್ತಕ್ಕೆ ಬರುವ ಕಣಗಳು ಕಡಿಮೆಯಾಗುತ್ತವೆ. ಮುಂಬಯಿಯ ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರಲ್ಲಿ ಇಂಥದ್ದೇ ರಕ್ತಹೀನತೆಯನ್ನು ಕಂಡ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ, ಯೀಸ್ಟ್ ಸಾರದಿಂದ ಅದು ವಾಸಿಯಾಗುವುದನ್ನು 1931ರಲ್ಲಿ ಪ್ರಕಟಿಸಿದ್ದರು. ಆ ಸಾರದಲ್ಲಿದ್ದದ್ದೂ ಈ ಪೋಷಕಾಂಶವೇ. 1945ರಲ್ಲಿ ಸುಬ್ಬರಾವ್ ತಂಡ ಅದನ್ನು ಕೃತಕವಾಗಿ ತಯಾರಿಸಿತು. ಅದನ್ನು ಕೊಟ್ಟಾಗ ಸ್ಪ್ರೂ ರೋಗಿಗಳು ಚೇತರಿಸಿಕೊಂಡರು. ಸಹೋದರರು ಹೋಗಿ ಎರಡು ದಶಕಗಳೇ ಕಳೆದಿದ್ದವು.

ಬಾಸ್ಟನ್‌ನ ವೈದ್ಯ ಸಿಡ್ನಿ ಫಾರ್ಬರ್ ಇಂಥ ಪದಾರ್ಥಗಳನ್ನು ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟು ನೋಡಿದರು. ರೋಗ ಇನ್ನಷ್ಟು ಚುರುಕಾದಂತೆ ಕಂಡಿತು. ಹಾಗಾದರೆ ಫೋಲಿಕ್ ಆಮ್ಲದ ಕೆಲಸವನ್ನು ತಡೆಯುವ ಔಷಧ ಕೊಟ್ಟರೆ? ನೋಡಲು ಫೋಲಿಕ್ ಆಮ್ಲದಂತೆಯೇ ಇದ್ದು, ಅದರ ಜಾಗ ಹಿಡಿದು ಕೆಲಸ ಕೆಡಿಸುವ ಅಮಿನೊಪ್ಟೆರಿನ್ ಅನ್ನು ಸುಬ್ಬರಾವ್ ಅವರ ಪ್ರಯೋಗಾಲಯ ತಯಾರಿಸಿಕೊಟ್ಟಿತು. ಫಾರ್ಬರ್ ಅದನ್ನು ಕೊಟ್ಟ 16 ಮಕ್ಕಳಲ್ಲಿ 10 ಮಂದಿ ಸುಧಾರಿಸಿದರು. ಕೆಲವು ತಿಂಗಳ ಮಟ್ಟಿಗೆ ಮಾತ್ರ ನಿಜ, ಆದರೆ ಅದುವರೆಗೆ ಆ ಮಕ್ಕಳಿಗೆ ಅಷ್ಟೂ ಇರಲಿಲ್ಲ.

ಈ ವರದಿ 1948ರ ಜೂನ್‌ನಲ್ಲಿ ಅಚ್ಚಾಯಿತು. ಆಗಸ್ಟ್‌ನಲ್ಲಿ ಸುಬ್ಬರಾವ್ ನಿದ್ದೆಯಲ್ಲೇ ತೀರಿಕೊಂಡರು, ಆಗ ಅವರಿಗೆ 53 ವರ್ಷ. ಅಮೆರಿಕದ ಪೌರತ್ವ ಅವರು ಪಡೆದಿರಲಿಲ್ಲ. ಅದೇ ಪ್ರಯೋಗಾಲಯದಲ್ಲಿ ಹುಟ್ಟಿದ, ಅಮಿನೊಪ್ಟೆರಿನ್‌ನ ಹತ್ತಿರದ ಸಂಬಂಧಿ ಮೆಥೊಟ್ರೆಕ್ಸೇಟ್ ಅನ್ನು ರಕ್ತದ ಕ್ಯಾನ್ಸರ್ ಇರುವ ಮಕ್ಕಳಿಗೆ ಇಂದಿಗೂ ಕೊಡುತ್ತಾರೆ.